ಬೀಗರ ಗುಡ್ಡದ ಸರ್ಕಾರಿ ಹುಲ್ಲು

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಮೂರನೆಯದೂ ಪೂರ್ತಿ ಅಲ್ಲ, ಮಳೆ ಶುರುವಾಗುವವರೆಗೆ. ಆದರೂ ಬಂದವರನ್ನು ಸತ್ಕರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಬರೋಡದಲ್ಲಿ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಕುಂದಾಪುರದ ಕಡೆಯಿಂದ ಚಡ್ಡಿ ಹಾಕಿಕೊಂಡು ರೈಲು ಹತ್ತಿದವನು ನಾನು. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಸ್ವಂತ ಹೋಟೆಲು ಇಟ್ಟು, ಸಾಂಬಾರಿಗೆ ಬೆಲ್ಲ ಹಾಕಿ ಹಾಕಿ ಅರ್ಧ ಊರನ್ನು ಗೆದ್ದವನು. ಅಂಥವನಿಗೆ ಮೊಮ್ಮಗನ ನಾಮಕರಣದ ದಿನ ನೆಂಟರಿಗೆ ಕುಡಿಯುವ ನೀರು ಕೊಡುವುದು ಯಾವ ದೊಡ್ಡ ಕೆಲಸ?

ಆ ನೀರಿನಿಂದಾಗಿ ಒಂದು ಅಣೆಕಟ್ಟು ಕೊಚ್ಚಿಹೋಗುವುದರಲ್ಲಿತ್ತು. ಅದೂ, ಕಟ್ಟುವ ಮೊದಲೇ!

ಮೊದಲಿನಿಂದ ಹೇಳುತ್ತೇನೆ. ನಮ್ಮ ಒಬ್ಬಳೇ ಮಗಳು ಸುಮತಿ. ಅಳಿಯ ದಿಲೀಪ ಕೊಯಾಲಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು. ಮದುವೆಗೆ ಮೊದಲು ದಿನಾ ನನ್ನ ಹೋಟೆಲಿಗೆ ದೋಸೆ ತಿನ್ನಲು ಬರುತ್ತಿದ್ದ. ಅಷ್ಟು ದೂರದಿಂದ ಬರಬೇಕಾದರೆ ದೋಸೆ ಎಷ್ಟು ರುಚಿಯಿರಬೇಕು ಎಂದು ನಾನು ಎಲ್ಲರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅವನು ನೋಡಲು ಬರುತ್ತಿದ್ದದ್ದು ದೋಸೆಯನ್ನಲ್ಲ, ಗಲ್ಲಾದಲ್ಲಿ ಕೂತ ಮಗಳನ್ನು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ನನ್ನ ಹೆಂಡತಿ ಗುಲಾಬಿಗೆ ಮೊದಲ ವಾರವೇ ತಿಳಿದಿತ್ತಂತೆ!

ಮೊಮ್ಮಗ ಹುಟ್ಟಿದ ಸುದ್ದಿ ಬಂದದ್ದು ಹೋಟೆಲಿನ ಫೋನಿಗೆ. ಆಗಿನ್ನೂ ಮೊಬೈಲು ಎಲ್ಲರ ಕಿಸೆಗೆ ಬಂದಿರಲಿಲ್ಲ. ಆಸ್ಪತ್ರೆಯಿಂದ ಅಳಿಯ ಕೂಗಿದ: "ಪಪ್ಪಾ, ಬಾಬೊ ಆವ್ಯೊ!" ಗಂಡು ಮಗು! ನನ್ನ ಕೈಯಲ್ಲಿದ್ದ ಹಿಟ್ಟಿನ ಸೌಟು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಆ ದಿನ ಹೋಟೆಲಿಗೆ ಬಂದವರಿಗೆಲ್ಲ ಸೀರಾ. ಬೇಡ ಎಂದವರಿಗೆ ಎರಡು ಸಲ! ಸಕ್ಕರೆ ಕಾಯಿಲೆ ಎಂದು ಬೇಡಿಕೊಂಡ ಒಬ್ಬ ಗಿರಾಕಿಯನ್ನು ನಾನೇ ಹಿಡಿದು ತಿನ್ನಿಸಿದೆನಂತೆ. ಇರಬಹುದು.

ನಾಮಕರಣ ಬೀಗರ ಊರಿನಲ್ಲೇ ಆಗಬೇಕು ಎಂದಾಯಿತು. ಅವರದು ಛೋಟಾ ಉದೇಪುರ ದಾಟಿ, ಡಾಂಬರು ರಸ್ತೆ ಮುಗಿದ ಮೇಲೆ ಬರುವ ಗುಡ್ಡ. ಬೀಗರ ಹೆಸರು ನಾನ್‌ಸಿಂಗ್‌ಭಾಯಿ. ತೆಳ್ಳಗಿನ ಎತ್ತರದ ಆಸಾಮಿ, ಮಾತು ಕಡಿಮೆ. ಗುಡ್ಡದ ಇಳಿಜಾರಿನಲ್ಲಿ ಮೆಕ್ಕೆಜೋಳ, ತೊಗರಿ ಬೆಳೆಯುವವರು. ಗುಜರಾತಿನಲ್ಲಿ ಬೀಗರನ್ನು 'ವೇವಾಯಿ' ಎನ್ನುತ್ತಾರೆ. ಅವರು ನನಗೆ ವೇವಾಯಿ, ನಾನು ಅವರಿಗೆ ವೇವಾಯಿ. ಇದಕ್ಕಿಂತ ಮುಂದೆ ನಮ್ಮ ಮಾತು ಹೋಗುತ್ತಿರಲಿಲ್ಲ. ಏಕೆಂದರೆ ಮೂವತ್ತು ವರ್ಷದಲ್ಲಿ ನಾನು ಕಲಿತ ಗುಜರಾತಿಯೆಲ್ಲ ಹೋಟೆಲಿನದು. 'ಬಿಸಿ ಇದೆ', 'ಖಾಲಿಯಾಯಿತು', 'ಸ್ವಲ್ಪ ತಡವಾಗುತ್ತದೆ'. ಬೀಗರ ಹತ್ತಿರ ಇದನ್ನು ಎಷ್ಟು ಹೊತ್ತು ಮಾತಾಡಲಾದೀತು?

ನಾಮಕರಣದ ಹಿಂದಿನ ದಿನ ಸಂಜೆ ಜೀಪಿನಿಂದ ಇಳಿದೆವು. ನಾನು ಮಗುವನ್ನು ಎತ್ತಿಕೊಂಡು ಕೂತವನು ಏಳಲಿಲ್ಲ. ಬೀಗರು ಪಕ್ಕದಲ್ಲಿ ಕೂತು, ಎಂದೂ ಇಲ್ಲದ ಹಾಗೆ ಬಹಳ ಹೊತ್ತು ಮಾತಾಡಿದರು. ಗುಡ್ಡದ ಕಡೆಗೆ ಕೈ ತೋರಿಸಿದರು, ಹಳ್ಳದ ಕಡೆಗೆ ತೋರಿಸಿದರು, ಆಕಾಶಕ್ಕೂ ತೋರಿಸಿದರು. ನಾನು "ಹಾ, ಹಾ" ಎನ್ನುತ್ತಲೇ ಇದ್ದೆ. ಕಿವಿ ಅವರ ಕಡೆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮಗುವಿನ ಕಾಲಿನ ಕಿರುಬೆರಳು ನೋಡಬೇಕಿತ್ತು ನೀವು! ಥೇಟ್ ನನ್ನದೇ!

ಬೀಗರು ಹೇಳಿದ್ದು ಏನೆಂದು ನನಗೆ ತಿಳಿದದ್ದು ಮರುದಿನ, ಎಲ್ಲ ಹಾಳಾದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ನನಗಾದ ಗತಿ ನಿಮಗೆ ಬೇಡ. ಗುಡ್ಡದ ರೈತರಿಗೆ ಸರ್ಕಾರದ ಒಂದು ಯೋಜನೆ ಬಂದಿತ್ತು. ಮಳೆಗೆ ಮಣ್ಣು ಜಾರದ ಹಾಗೆ ಇಳಿಜಾರಿನಲ್ಲಿ ಅಡ್ಡಡ್ಡ ಬದು ಹಾಕಬೇಕು. ಬದುವಿನ ಮೇಲೆ ಸರ್ಕಾರ ಕೊಟ್ಟ ಹುಲ್ಲನ್ನು ನೆಡಬೇಕು. ಹುಲ್ಲು ಬೇರು ಬಿಟ್ಟು ಮಣ್ಣನ್ನು ಹಿಡಿದುಕೊಂಡಿದೆ ಎಂದು ಸಾಹೇಬರು ಬಂದು ನೋಡಿ ಒಪ್ಪಿದರೆ ಕೆಳಗಿನ ಹಳ್ಳಕ್ಕೆ ಕಲ್ಲಿನ ಒಡ್ಡು, ಜೊತೆಗೆ ಮಾವಿನ ಕಸಿ ಗಿಡಗಳು. ಒಪ್ಪದಿದ್ದರೆ ಒಡ್ಡು ಆಚೆಯ ಗುಡ್ಡದವರಿಗೆ ಹೋಗುತ್ತದೆ. ಬೀಗರು ಹೋದ ಮಳೆಗಾಲದಲ್ಲಿ ಒಂದೊಂದು ಬುಡವನ್ನೂ ಕೈಯಾರೆ ನೆಟ್ಟಿದ್ದರು. ಬೇಸಿಗೆಯಲ್ಲಿ ಕಮಲಿಬೆನ್, ಅಂದರೆ ನಮ್ಮ ಬೀಗತಿ, ಕುಡಿಯುವ ನೀರು ತರಲು ಗುಡ್ಡ ಇಳಿದು ಎಲ್ಲೆಲ್ಲೋ ಹೋಗಬೇಕಿತ್ತು. ಒಡ್ಡು ಬಂದರೆ ನೀರು ಮನೆಯ ಕೆಳಗೇ ನಿಲ್ಲುತ್ತದೆ. ಸಾಹೇಬರು ಬರುವ ದಿನ ಯಾವುದು? ನಾಮಕರಣದ ದಿನವೇ, ಊಟದ ಹೊತ್ತಿಗೆ!

ಬೆಳಿಗ್ಗೆ ಎದ್ದೆ. ಅಂಗಳದಲ್ಲಿ ಒಲೆ ಹೂಡಿ ಅಡುಗೆ ಶುರುವಾಗಿತ್ತು. ನನ್ನ ಕೈ ಕಡಿಯತೊಡಗಿತು. ನೇರ ಹೋಗಿ ಸೌಟು ಹಿಡಿದೆ. ಕಮಲಿಬೆನ್ ಸೌಟು ಕಿತ್ತುಕೊಂಡರು.

"ವೇವಾಯಿ ಬಂದು ಅಡುಗೆ ಮಾಡಿದರೆ ಊರು ನಮ್ಮ ಮುಖಕ್ಕೆ ಉಗಿಯುತ್ತದೆ. ಹೋಗಿ ಮಂಚದ ಮೇಲೆ ಕೂತುಕೊಳ್ಳಿ."

ಕೂತೆ. ಎದ್ದೆ. ಮತ್ತೆ ಹೋಗಿ ಬೇಳೆಗೆ ಉಪ್ಪು ಸಾಕಾ ಎಂದು ಇಣುಕಿದೆ. ಅವರು ಸೌಟನ್ನು ಎತ್ತಿದ ರೀತಿ ನೋಡಿ ಹಿಂದೆ ಸರಿದೆ.

ಮೊಮ್ಮಗನ ನಾಮಕರಣ! ಹತ್ತೂರಿನವರಿಗೆ ಊಟ ಹಾಕಿದವನು ಕೈಕಟ್ಟಿ ಕೂರುವುದೇ? ಅಡುಗೆ ಬೇಡವಾದರೆ ಬೇಡ, ಕುಡಿಯುವ ನೀರಾದರೂ ನನ್ನದಿರಲಿ ಎಂದು ನಿಶ್ಚಯಿಸಿದೆ. ಅದೇ ಯೋಚನೆಯಲ್ಲಿ ಮನೆಯ ಹಿಂದೆ ಗುಡ್ಡ ಹತ್ತಿದೆ. ಹಿಪ್ಪೆಮರದ ಆಚೆ ತಿರುಗಿದವನು ಹಾಗೇ ನಿಂತುಬಿಟ್ಟೆ.

ಲಾವಂಚ!

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆ ಬಂತೆಂದರೆ ನನ್ನ ಅಮ್ಮ ತೋಡಿನ ಬದಿಯಿಂದ ಲಾವಂಚ ಕಿತ್ತು, ಬೇರು ತೊಳೆದು, ಕುಡಿಯುವ ನೀರಿನ ಮಡಕೆಯಲ್ಲಿ ಹಾಕುತ್ತಿದ್ದಳು. ಆ ತಂಪು, ಆ ಪರಿಮಳ! ಬರೋಡಕ್ಕೆ ಬಂದ ಮೇಲೆ ಅದನ್ನು ಅಂಗಡಿಯಲ್ಲಿ ಒಣಗಿದ ಕಟ್ಟಾಗಿ ಮಾತ್ರ ಕಂಡದ್ದು. ಇಲ್ಲಿ ನೋಡಿದರೆ ಹಸಿ ಹಸಿಯಾಗಿ, ಬುಡ ಬುಡವಾಗಿ, ಹಿಪ್ಪೆಮರದಿಂದ ಬಂಡೆಯವರೆಗೆ ನೂಲು ಹಿಡಿದ ಹಾಗೆ ಒಂದೇ ಸಾಲಿನಲ್ಲಿ ನಿಂತಿದೆ! ಗುಜರಾತಿನಲ್ಲಿ ಕಾಡು ಹುಲ್ಲು ಕೂಡ ಎಷ್ಟು ಶಿಸ್ತಾಗಿ ಬೆಳೆಯುತ್ತದಪ್ಪ ಎಂದು ತಲೆದೂಗಿದೆ. ಇಷ್ಟಾದರೂ ಅನುಮಾನ ಬರಲಿಲ್ಲ. ಮೂರನೇ ಕ್ಲಾಸಾದರೂ ಪೂರ್ತಿ ಓದಬೇಕಿತ್ತು.

ಬೀಗರು ನೆಂಟರನ್ನು ಕರೆತರಲು ಕೆಳಗಿನ ರಸ್ತೆಗೆ ಹೋಗಿದ್ದರು. ಅವರದೇ ಪಿಕಾಸಿ ತಂದು ಅಗೆಯಲು ನಿಂತೆ. ಆ ಹುಲ್ಲು ಸುಮ್ಮನೆ ಬರುವಂಥದ್ದಲ್ಲ! ನೆಲವನ್ನು ತಬ್ಬಿಕೊಂಡು ಕೂತಿತ್ತು. ನಾನು ಎಳೆದೆ, ಅದು ನನ್ನನ್ನು ಎಳೆಯಿತು. ಒಂದು ಬುಡ ಕೀಳುವಷ್ಟರಲ್ಲಿ ಅಂಗಿ ಒದ್ದೆ, ಎರಡಕ್ಕೆ ಪಂಚೆಯೂ ಒದ್ದೆ. ಆದರೆ ಮೊಮ್ಮಗನ ಮುಖ ನೆನೆದುಕೊಂಡರೆ ನನ್ನ ತೋಳಿಗೆ ಎಲ್ಲಿಂದ ಬಲ ಬರುತ್ತಿತ್ತೋ! ಒಂದು ಬುಡ ಕೂಡ ಉಳಿಸಲಿಲ್ಲ. ಇಡೀ ಸಾಲು ಮುಗಿಸಿ, ಹೊರೆ ಕಟ್ಟಿ, ವಿಜಯಶಾಲಿಯಾಗಿ ಇಳಿದೆ.

ಗುಲಾಬಿ ಬಚ್ಚಲಿನ ಹತ್ತಿರ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ಕಂಡದ್ದೇ ಅವಳ ಮುಖ ಅರಳಿತು.

"ಹ್ವಾಯ್, ಲಾವಂಚ ಅಲ್ದಾ? ಎಲ್ ಸಿಕ್ತ್ ಮಾರಾಯ್ರೆ ಇದ್?"

"ಹಿಂದೆ ಗುಡ್ಡದಂಗೆ ಬೇಕಾದಷ್ಟ್ ಇತ್ತ್. ಇವ್ರಿಗ್ ಅದ್ರ ಬೆಲೆಯೇ ಗೊತ್ತಿಲ್ಲೆ ಕಾಣ್!"

ಇಬ್ಬರೂ ಸೇರಿ ಬೇರು ಕತ್ತರಿಸಿ, ತೊಳೆದು, ನೆಂಟರಿಗಾಗಿ ಸಾಲಾಗಿ ಇಟ್ಟಿದ್ದ ಮಣ್ಣಿನ ಕೊಡಗಳಲ್ಲೆಲ್ಲ ಇಳಿಬಿಟ್ಟೆವು. ಬೇರಿಲ್ಲದ ಹುಲ್ಲಿನ ಬುಡಗಳನ್ನು ನಾನು ಎಮ್ಮೆಯ ಮುಂದೆ ಎಸೆದೆ. 'ನೀನೂ ತಿನ್ನು, ಇವತ್ತು ನಮ್ಮ ಮನೆಯ ಹಬ್ಬ' ಎಂದು ಬೆನ್ನು ತಟ್ಟಿದೆ.

ನೆಂಟರು ಬಂದರು. ಬಿಸಿಲಲ್ಲಿ ಗುಡ್ಡ ಹತ್ತಿ ಬಂದವರು ನೀರು ಕುಡಿದು ಒಂದು ಕ್ಷಣ ಲೋಟವನ್ನೇ ನೋಡಿದರು. "ಇನ್ನೊಂದು ಕೊಡಿ!" ಎಂದರು. ಮುದುಕಿಯರು ಲೋಟ ಮೂಸಿದರು. ನೀರಿನ ಮುಂದೆ ಊಟಕ್ಕಿಂತ ಉದ್ದದ ಸಾಲು! ಮಾತೇ ಆಡದ ನಮ್ಮ ಬೀಗರು ನನ್ನನ್ನು ಎಲ್ಲರೆದುರಿಗೆ ಅಪ್ಪಿಕೊಂಡರು.

"ವೇವಾಯಿ, ಇದಕ್ಕೆ ಏನು ಹಾಕಿದ್ದೀರಿ?"

ಅವರದೇ ಹುಲ್ಲಿನ ವಾಸನೆ ಅವರಿಗೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡಿ. ಬೇರನ್ನು ಕಿತ್ತು ಮೂಸಿದ್ದರಲ್ಲವೇ ಗೊತ್ತಾಗುವುದು? ಕೀಳಬಾರದು ಎಂದೇ ನೆಟ್ಟದ್ದು! ನಾನು ದೊಡ್ಡ ಬಾಣಸಿಗನ ಗತ್ತಿನಲ್ಲಿ ಕಣ್ಣು ಮಿಟುಕಿಸಿ, "ರಹಸ್ಯ!" ಎಂದೆ.

ಮಗುವಿನ ಸೋದರತ್ತೆ ತೊಟ್ಟಿಲ ಹತ್ತಿರ ಬಗ್ಗಿ ಪ್ರತೀಕ್ ಎಂದು ಹೆಸರಿಟ್ಟಳು. ನಾನು ಅತ್ತೆ. ಗುಲಾಬಿ ಅತ್ತಳು. ಅಳದಿದ್ದದ್ದು ಮಗು ಒಂದೇ. ಅಷ್ಟರಲ್ಲಿ ಬೀಗರು ಹೊಸ ಪೇಟ ಕಟ್ಟಿಕೊಂಡು ರಸ್ತೆಯ ಕಡೆಗೆ ಓಡುವುದು ಕಂಡಿತು.

"ಇದೇನು, ಬೀಗರು ಊಟ ಬಿಟ್ಟು ಎಲ್ಲಿಗೆ?" ಎಂದು ಸುಮತಿಯನ್ನು ಕೇಳಿದೆ.

"ಅರೆ ಅಪ್ಪಾ, ನಿನ್ನೆ ಸಂಜೆ ಬಾಪುಜಿ ನಿಮಗೆ ಎಲ್ಲಾ ಹೇಳಿದ್ರಲ್ಲ? ಸರ್ಕಾರಿ ಸಾಹೇಬ್ರು ಬರ್ತಾರೆ. ಹುಲ್ಲಿನ ಚೆಕಿಂಗ್. ಮೇಲಿನ ಸಾಲು ತುಂಬಾ ಇಂಪಾರ್ಟೆಂಟ್. ಅದು ಹಿಡ್ಕೊಂಡಿಲ್ಲ ಅಂದ್ರೆ ಮಣ್ಣೆಲ್ಲ ಹಳ್ಳಕ್ಕೆ ಬಂದು ಬಂಧಾರ, ಅಂದ್ರೆ ಆ ಕಲ್ಲಿನ ಒಡ್ಡು, ತುಂಬಿ ಹೋಗುತ್ತೆ. ಬಂಧಾರವೇ ಕೊಡಲ್ಲ ಆಮೇಲೆ."

"ಮೇಲಿನ... ಸಾಲು ಎಂದರೆ?"

"ಹಿಪ್ಪೆಮರದಿಂದ ಬಂಡೆವರೆಗೆ ಇದೆಯಲ್ಲ, ಅದು."

ನನ್ನ ಕೈಯಲ್ಲಿದ್ದ ನೀರಿನ ಲೋಟವನ್ನು ನೋಡಿದೆ. ಪರಿಮಳ ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು.

ಗುಲಾಬಿಯನ್ನು ಮೂಲೆಗೆ ಎಳೆದು ಹೇಳಿದೆ. ಬೆಳಿಗ್ಗೆ 'ನಾವು' ಮಾಡಿದ್ದು ಆ ಕ್ಷಣದಿಂದ 'ನೀವು' ಮಾಡಿದ್ದಾಯಿತು.

"ನಿಮ್ಗ್ ಎಂತ ಮರ್ಲಾ? ಬೀಗರ ಮನೆ ಹುಲ್ಲ್ ಕೀಳುಕೆ ಬರೋಡದಿಂದ ಬಂದದ್ದಾ ನೀವ್?"

"ಬೇರ್ ತೊಳ್ದದ್ ಯಾರ್?"

"ನೀವ್ ಕಿತ್ಕಂಡ್ ಬಂದ್ರೆ ನಾ ತೊಳಿದೇ ಎಂತ ಮಾಡುದ್? ಬಾಯ್ ಮುಚ್ಕಂಡ್ ಎಮ್ಮೆ ಹತ್ರ ಓಡಿ!"

ಓಡಿದೆ. ಎಮ್ಮೆ ನನ್ನ ಆಹ್ವಾನವನ್ನು ಗಂಭೀರವಾಗಿ ಸ್ವೀಕರಿಸಿತ್ತು. ಅದರ ಬಾಯಿಂದ ಒಂದು ಬುಡವನ್ನು ಎಳೆದೆ, ಅದು ಬಿಡಲಿಲ್ಲ. ಬೆಳಿಗ್ಗೆ ನೆಲ, ಈಗ ಎಮ್ಮೆ! ಅಂತೂ ಉಳಿದದ್ದನ್ನೆಲ್ಲ ಬಾಚಿ, ಪಂಚೆಯಲ್ಲಿ ಕಟ್ಟಿ, ಗಂಡ ಹೆಂಡತಿ ಗುಡ್ಡಕ್ಕೆ ಏರಿದೆವು. ಬೇರಿಲ್ಲದ ಬುಡಗಳನ್ನು ಗುಂಡಿಗಳಲ್ಲಿ ನಿಲ್ಲಿಸಿ, ಮಣ್ಣು ಮುಚ್ಚಿ, ತುಳಿದು, ಮೇಲೆ ಒಂದು ಕೊಡ ನೀರು ಸುರಿದೆವು. ದೂರದಿಂದ ನೋಡಿದರೆ ಪರವಾಗಿಲ್ಲ. ಹತ್ತಿರದಿಂದ, ಎಮ್ಮೆ ಕಚ್ಚಿದ ಕಡೆ ಹೇರ್ ಕಟಿಂಗ್ ಆದ ಹಾಗೆ ಕಾಣುತ್ತಿತ್ತು.

ನಾವು ಇಳಿದು ಬರುವಷ್ಟರಲ್ಲಿ ಸಾಹೇಬರು ಬಂದರು. ಟೋಪಿ ಹಾಕಿದ ಬೆವರಿದ ಮನುಷ್ಯ. ಬಂದವರೇ ನೀರು ಕೇಳಿದರು. ಕುಡಿದು ಕಣ್ಣು ಮುಚ್ಚಿದರು.

"ವಾಹ್! ಇದು ಖಸ್! ಈ ಗುಡ್ಡದಲ್ಲಿ ಖಸ್ ಎಲ್ಲಿಂದ ಬಂತು?"

ಖಸ್ ಎಂದರೆ ನಮ್ಮ ಲಾವಂಚವೇ. "ಅಹಮದಾಬಾದಿನಿಂದ ತರಿಸಿದ್ದು ಸಾಹೇಬ್," ಎಂದುಬಿಟ್ಟೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವರು ಇನ್ನೂ ಎರಡು ಲೋಟ ಕುಡಿದು ಗುಡ್ಡಕ್ಕೆ ಹೊರಟರು, ಹಿಂದೆ ನಾವೆಲ್ಲ.

ಕೆಳಗಿನ ಸಾಲಿನಲ್ಲಿ ಬಗ್ಗಿ ಒಂದು ಬುಡವನ್ನು ಹಿಡಿದು ಎಳೆದರು. ಬರಲಿಲ್ಲ. "ಭೇಷ್!" ಎಂದರು. ನಡುವಿನ ಸಾಲಿನಲ್ಲೂ ಎಳೆದರು. ಅಲ್ಲಾಡಲಿಲ್ಲ. ಬೀಗರ ಪೇಟ ಸ್ವಲ್ಪ ಮೇಲೆದ್ದಿತು. ಮೇಲಿನ ಸಾಲಿಗೆ ಬಂದರು. ಎಳೆದರು.

ಬುಡ ಕೈಗೆ ಬಂತು. ಎಳೆದ ರಭಸಕ್ಕೆ ಸಾಹೇಬರು ಹಿಂದಕ್ಕೆ ಕೂತುಬಿಟ್ಟರು, ನಾವು ಸುರಿದ ನೀರಿನ ಕೆಸರಿನಲ್ಲೇ! ಎದ್ದು ಇನ್ನೊಂದು ಎಳೆದರು. ಬಂತು. ಮತ್ತೊಂದು ತಾನೇ ಬಿದ್ದುಹೋಯಿತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ನಾನ್‌ಸಿಂಗ್‌ಭಾಯಿ, ಇದು ಏನು? ಮೇಲಿನ ಸಾಲು ಸಾಯಲು ಬಿಟ್ಟು, ನಾನು ಬರುತ್ತೇನೆಂದು ಇವತ್ತು ತುರುಕಿ ಇಟ್ಟಿದ್ದೀರಾ? ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ."

ಬೀಗರ ಮುಖದಲ್ಲಿ ರಕ್ತ ಇರಲಿಲ್ಲ. ಅವರು ಬುಡಗಳನ್ನು ನೋಡಿದರು. ಮೆಲ್ಲಗೆ ತಿರುಗಿ ನನ್ನನ್ನು ನೋಡಿದರು. ನನ್ನ ಉಗುರಿನ ಮಣ್ಣು ನೋಡಿದರು. ಕೆಸರಾದ ಪಂಚೆ ನೋಡಿದರು. ಎಲ್ಲ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಆದರೆ ಮನೆಗೆ ಬಂದ ವೇವಾಯಿಯ ಮಾನ ಅವರಿಗೆ ಒಡ್ಡಿಗಿಂತ ದೊಡ್ಡದು.

"ಕಾಡುಹಂದಿ, ಸಾಹೇಬ್," ಎಂದರು.

"ಹಂದಿಯೇ?"

"ಹೌದು. ಒಂದೇ ಹಂದಿ. ಮುದಿ ಹಂದಿ. ಈ ಗುಡ್ಡದ್ದಲ್ಲ, ಕೆಳಗಿನಿಂದ ಬಂದದ್ದು."

ಗುಲಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದುಃಖಕ್ಕಲ್ಲ ಎಂದು ನನಗೆ ಚೆನ್ನಾಗಿ ಗೊತ್ತು!

ಸಾಹೇಬರ ಕೋಪ ಏರಿತು. "ಹಂದಿ ಕೀಳುವುದನ್ನು ನೋಡಿದ್ದೇನೆ. ಕಿತ್ತದ್ದನ್ನು ಮತ್ತೆ ನೆಟ್ಟು, ತುಳಿದು, ನೀರೂ ಹಾಕಿ ಹೋಗುವ ಹಂದಿಯನ್ನು ನೋಡಿಲ್ಲ! ಒಡ್ಡು ಇಲ್ಲ. ಮುಗಿಯಿತು." ಜೀಪಿನ ಕಡೆಗೆ ತಿರುಗಿದರು.

ಬೀಗರು ಬಗ್ಗಿ, ಬಿದ್ದ ಬುಡಗಳನ್ನು ಒಂದೊಂದಾಗಿ ಆಯತೊಡಗಿದರು. ಕಮಲಿಬೆನ್ ಕೆಳಗಿನ ಒಣ ಹಳ್ಳವನ್ನು ನೋಡುತ್ತಾ ನಿಂತರು. ಬೆಳಿಗ್ಗೆ ಆ ಕೊಡಗಳನ್ನೆಲ್ಲ ತುಂಬಿಸಲು ಅವರು ಎಷ್ಟು ಸಲ ಗುಡ್ಡ ಹತ್ತಿ ಇಳಿದಿದ್ದರು ಎಂಬುದು ನನಗೆ ಆಗ ಹೊಳೆಯಿತು. ಅದರಲ್ಲೂ ಒಂದು ಕೊಡವನ್ನು ನಾವು ಸುಳ್ಳು ನಿಲ್ಲಿಸಲು ಸುರಿದಿದ್ದೆವು.

ನಾನು ಓಡಿಹೋಗಿ ಸಾಹೇಬರ ಮುಂದೆ ಅಡ್ಡ ನಿಂತೆ. ಹೋಟೆಲಿನ ಗುಜರಾತಿಯೆಲ್ಲ ಮರೆತುಹೋಗಿ, ಸಿಕ್ಕಿದ ಭಾಷೆಯಲ್ಲಿ ಕೂಗಿದೆ.

"ಸಾಹೇಬ್, ಆ ಹಂದಿ ನಾನೇ!"

ಜೀಪಿಗೆ ಹೊರಟಿದ್ದ ಸಾಹೇಬರು ನಿಂತರು.

"ಅಹಮದಾಬಾದೂ ಸುಳ್ಳು! ನೀವು ಕುಡಿದದ್ದು ಇದೇ ಹುಲ್ಲು. ಬೇರು ಇತ್ತು ಸಾಹೇಬ್, ಬೇಕಾದಷ್ಟಿತ್ತು! ಕೊಡದಲ್ಲಿದೆ, ಬನ್ನಿ, ಬನ್ನಿ!" ಎಂದು ಕೈ ಹಿಡಿದು ಎಳೆದುಕೊಂಡೇ ಹೋದೆ. ಆ ದಿನ ನಾನು ಎಳೆದದ್ದರಲ್ಲಿ ಸುಲಭವಾಗಿ ಬಂದದ್ದು ಅವರೊಬ್ಬರೇ.

ಸಾಹೇಬರು ಕೊಡದೊಳಗೆ ಕೈ ಹಾಕಿ ಬೇರನ್ನು ಎತ್ತಿದರು. ಎತ್ತಿದರು, ಎತ್ತಿದರು, ಎತ್ತುತ್ತಲೇ ಇದ್ದರು. ಬೆರಳ ತುದಿಯಿಂದ ಮೊಣಕೈ ದಾಟಿತು, ಭುಜ ಮುಟ್ಟಿತು. ನೆಂಟರೆಲ್ಲ ಲೋಟ ಹಿಡಿದುಕೊಂಡೇ ಸುತ್ತ ನಿಂತರು.

"ಒಂದೇ ಮಳೆಗಾಲದಲ್ಲಿ ಇಷ್ಟು ಇಳಿದಿದೆಯೇ? ಇದನ್ನು ಒಬ್ಬರೇ ಕಿತ್ತಿರಾ?"

"ಮೊಮ್ಮಗ ಹುಟ್ಟಿದ್ದಾನೆ, ಸಾಹೇಬ್," ಎಂದೆ. ನನಗೆ ಬೇರೆ ಕಾರಣ ತೋಚಲಿಲ್ಲ.

ಸಾಹೇಬರು ನನ್ನನ್ನು ನೋಡಿದರು, ಬೇರನ್ನು ನೋಡಿದರು, ತಮ್ಮ ಕೆಸರಾದ ಪ್ಯಾಂಟನ್ನು ನೋಡಿಕೊಂಡರು. ಆಮೇಲೆ ನಗತೊಡಗಿದರು. ಅವರು ನಕ್ಕದ್ದೇ ತಡ, ಇಡೀ ಗುಡ್ಡ ನಕ್ಕಿತು. ಬೀಗರು ಪೇಟ ಬಿಚ್ಚಿ ಕಣ್ಣೊರೆಸಿಕೊಂಡು ನಕ್ಕರು. ಮಗು ಮಾತ್ರ ಆಗ ಅತ್ತಿತು.

"ಬೇರು ಹಿಡಿದಿತ್ತು ಎಂದು ಒಪ್ಪಿದೆ," ಎಂದರು ಸಾಹೇಬರು. "ಬೇರು ಹೋದರೂ ಬುಡ ಜೀವಂತ ಇದೆ. ಸೀಳಿ ನೆಟ್ಟರೆ ಮತ್ತೆ ಬರುತ್ತದೆ. ಮಳೆ ಬೀಳುವವರೆಗೆ ದಿನಾ ನೀರು ಹಾಕಬೇಕು. ಚಿಗುರಿದ್ದು ಕಂಡರೆ ಒಡ್ಡು ನಿಮ್ಮದೇ. ಆದರೆ ನೀರು ಹಾಕುವುದು ಯಾರು?"

ಎಲ್ಲರೂ ಒಟ್ಟಿಗೆ ಹೇಳಿದರು: "ಹಂದಿ!"

ಹಾಗೆ ನಾನು ನಾಮಕರಣಕ್ಕೆ ಹೋದವನು ಮಳೆ ಬರುವವರೆಗೆ ಅಲ್ಲೇ ಉಳಿದೆ. ಹೋಟೆಲನ್ನು ಗುಲಾಬಿ ನೋಡಿಕೊಂಡಳು. ನಾನಿಲ್ಲದೆ ವ್ಯಾಪಾರ ಹೆಚ್ಚಾಯಿತಂತೆ, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ದೂರದ ಬಾವಿಯಿಂದ ಹೆಗಲ ಮೇಲೆ ನೀರು ಹೊತ್ತು ಒಂದೊಂದು ಬುಡಕ್ಕೂ ಹಾಕಿದೆ. ಒಡ್ಡು ಯಾಕೆ ಬೇಕು ಎಂದು ನನ್ನ ಹೆಗಲಿಗೆ ಯಾರೂ ಬೇರೆ ವಿವರಿಸಬೇಕಾಗಲಿಲ್ಲ. ಮೊದಲ ಚಿಗುರು ಕಂಡ ದಿನ ಬೀಗರೂ ನಾನೂ ಬದುವಿನ ಮೇಲೆ ಕುಣಿದೆವು. "ಬಿಸಿ ಇದೆ! ಖಾಲಿಯಾಯಿತು!" ಎಂದು ನಾನು ಗೊತ್ತಿದ್ದ ಗುಜರಾತಿಯೆಲ್ಲ ಕೂಗಿದೆ. ಅವರಿಗೆ ಪೂರ್ತಿ ಅರ್ಥವಾಯಿತು.

ಒಡ್ಡು ಬಂತು. ಈಗ ಮನೆಯ ಕೆಳಗೆ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಮಾವಿನ ಕಸಿಗಳು ಪ್ರತೀಕನಿಗಿಂತ ಎತ್ತರವಾಗಿವೆ. ಮೇಲಿನ ಸಾಲಿಗೆ ಬೀಗರು ಮುಳ್ಳಿನ ಬೇಲಿ ಹಾಕಿಸಿದ್ದಾರೆ. ಹಂದಿಯ ಕಾಟಕ್ಕೆ ಬೇಲಿ ಹಾಕುವವರು ಕಾಡಿನ ಕಡೆಗೆ ಹಾಕುತ್ತಾರಲ್ಲವೇ? ಇವರು ಹಾಕಿಸಿದ್ದು ಮನೆಯ ಕಡೆಗೆ!

ನನ್ನ ಮೊಮ್ಮಗ ಗುಜರಾತಿ ಬಿಟ್ಟರೆ ಹಿಂದಿ ಮಾತಾಡುತ್ತಾನೆ. ಕನ್ನಡ ಕಲಿಸಲು ನಾನು ಮಾಡಿದ ಪ್ರಯತ್ನವೆಲ್ಲ ನೀರುಪಾಲಾಗಿತ್ತು. ಮೊನ್ನೆ ಎಲ್ಲರೂ ಬೀಗರ ಊರಿಗೆ ಹೋದಾಗ ಸುಮ್ಮನೆ ನೋಡೋಣ ಎಂದು ಬೇಲಿಯ ಹತ್ತಿರ ಹೋದೆ. ಪುಟ್ಟ ಪೋರ ಓಡಿಬಂದು ಎರಡೂ ಕೈ ಅಗಲಿಸಿ ಅಡ್ಡ ನಿಂತ. ಯಾರು ಕಲಿಸಿದ್ದರೋ, ಗುಲಾಬಿಯೇ ಇರಬೇಕು, ಒಂದು ಅಕ್ಷರ ತಪ್ಪದೆ ಹೇಳಿದ:

"ಹಂದಿ ಅಜ್ಜ, ಒಳಗೆ ಹೋಗಬೇಡ!"

ಎಷ್ಟು ಸ್ಪಷ್ಟವಾದ ಕನ್ನಡ! ಅವನನ್ನು ಎತ್ತಿ ಮುದ್ದಾಡಿ, ಮಂಚದ ಮೇಲೆ ಕೈಕಟ್ಟಿ ಕೂತೆ.